ಎಡಗಡೆ ಉಳಿದುಕೊಂಡ ನಾಲೆ: ಪೇಸ್‌ಮೇಕರ್ ಹಾಕಿದ ಮೇಲೆ ‘ನಿಮ್ಮ ರಕ್ತನಾಳ ಬೇರೆ ರೀತಿ ಇದೆ’ ಎಂದರೆ ಅದನ್ನು ಅರ್ಥ ಮಾಡಿಕೊಳ್ಳುವುದು ಹೇಗೆ

ಆಸ್ಪತ್ರೆಯಿಂದ ಮನೆಗೆ ಬಂದ ಮೂರನೆಯ ದಿನ ಡಿಸ್ಚಾರ್ಜ್ ಪತ್ರವನ್ನು ಬಿಚ್ಚಿಕೊಂಡು ಜಗಲಿಯಲ್ಲಿ ಕುಳಿತೆ. ಮಾತ್ರೆಗಳ ಪಟ್ಟಿ, ಗಾಯದ ಆರೈಕೆ, ಎಡಗೈಯನ್ನು ಭುಜಕ್ಕಿಂತ ಮೇಲೆ ಎತ್ತಬಾರದೆಂಬ ಸೂಚನೆ ಎಲ್ಲವೂ ಅರ್ಥವಾದವು. ಎರಡನೆಯ ಪುಟದ ಕೆಳತುದಿಯಲ್ಲಿದ್ದ ಒಂದು ಸಾಲು ಮಾತ್ರ ಅರ್ಥವಾಗಲಿಲ್ಲ. ಅಲ್ಲಿ ‘ಪಿಎಲ್‌ಎಸ್‌ವಿಸಿ’ ಎಂದು ಐದು ಇಂಗ್ಲಿಷ್ ಅಕ್ಷರಗಳಿದ್ದವು. ಪಕ್ಕದಲ್ಲಿ ‘ಡೈಲೇಟೆಡ್ ಸಿಎಸ್’ ಎಂದಿತ್ತು. ಬಿಡುಗಡೆಯ ದಿನದ ಗಡಿಬಿಡಿಯಲ್ಲಿ ಯಾರೂ ಅದನ್ನು ವಿವರಿಸಿರಲಿಲ್ಲ, ಕೇಳಬೇಕೆಂದು ನನಗೂ ತಿಳಿದಿರಲಿಲ್ಲ.

ನಾನು ವೈದ್ಯನಲ್ಲ. ಮೂವತ್ತೊಂದು ವರ್ಷ ನೀರಾವರಿ ಇಲಾಖೆಯಲ್ಲಿ ದುಡಿದು ನಿವೃತ್ತನಾದ ಎಂಜಿನಿಯರ್. ಆ ಅವಧಿಯ ಬಹುಪಾಲನ್ನು ಭದ್ರಾ ಅಚ್ಚುಕಟ್ಟಿನ ನಾಲೆಗಳ ಏರಿಯ ಮೇಲೆ ಕಳೆದಿದ್ದೇನೆ. ಆ ಒಂದು ಸಾಲನ್ನು ಅರ್ಥ ಮಾಡಿಕೊಳ್ಳಲು ನನಗೆ ಸುಮಾರು ನಾಲ್ಕು ತಿಂಗಳು ಹಿಡಿಯಿತು. ಎರಡು ಬಾರಿ ಹೃದ್ರೋಗ ತಜ್ಞರನ್ನು ಕಂಡೆ, ಒಂದು ಎಕೋ ಪರೀಕ್ಷೆ ಮಾಡಿಸಿದೆ, ಮಗಳ ಹಳೆಯ ಜೀವಶಾಸ್ತ್ರದ ಪುಸ್ತಕ ತೆರೆದೆ. ಅದೇ ಸಾಲು ಕೈಯಲ್ಲಿರುವ ಇನ್ನೊಬ್ಬರಿಗೆ ಅಷ್ಟು ಕಾಲ ಹಿಡಿಯಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಎರಡು ಪದಗಳ ಗೊಂದಲ ಬಿಡಿಸಿಕೊಳ್ಳಿ

ನನ್ನ ಹೆಂಡತಿ ಅಂದು ತಮ್ಮನಿಗೆ ಫೋನಿನಲ್ಲಿ, ‘ಇವರ ಹೃದಯದಲ್ಲಿ ಒಂದು ನರ ಹೆಚ್ಚಿಗೆ ಇದೆಯಂತೆ’ ಎಂದಳು. ಸಂಜೆಯ ಹೊತ್ತಿಗೆ ಆ ಮಾತು ನೆಂಟರ ಬಾಯಲ್ಲಿ ‘ನರ ಬ್ಲಾಕ್ ಆಗಿದೆಯಂತೆ’ ಎಂದಾಗಿತ್ತು. ಮರುದಿನ ಬೆಳಿಗ್ಗೆ ಒಬ್ಬರು ಬೈಪಾಸ್ ಶಸ್ತ್ರಚಿಕಿತ್ಸೆಯ ಖರ್ಚಿನ ಬಗ್ಗೆ ಮಾತನಾಡಲು ಮನೆಗೇ ಬಂದರು. ಮೂರೂ ಬೇರೆ ಬೇರೆ ಸಂಗತಿಗಳು. ಇವನ್ನು ಬಿಡಿಸಿಕೊಳ್ಳದೆ ಮುಂದೆ ಹೋದರೆ ಎಲ್ಲವೂ ಸಿಕ್ಕಾಗುತ್ತದೆ.

ಆಡುಮಾತಿನಲ್ಲಿ ನಾವು ‘ನರ’ ಎನ್ನುವುದು ಬಹಳ ಸಲ ರಕ್ತನಾಳವನ್ನೇ. ಡ್ರಿಪ್ ಹಾಕುವಾಗ ನರ್ಸ್ ‘ನರ ಸಿಗುತ್ತಿಲ್ಲ’ ಎಂದರೆ ಹುಡುಕುತ್ತಿರುವುದು ರಕ್ತನಾಳವನ್ನು. ರಕ್ತನಾಳಗಳಲ್ಲಿ ಎರಡು ಬಗೆ. ಹೃದಯದಿಂದ ರಕ್ತವನ್ನು ಹೊರಗೆ ಒಯ್ಯುವುದು ಅಪಧಮನಿ, ದೇಹದಿಂದ ಹೃದಯಕ್ಕೆ ಮರಳಿ ತರುವುದು ಅಭಿಧಮನಿ. ಒಂದು ಗದ್ದೆಗೆ ನೀರು ಕೊಡುವ ಹೊಲಗಾಲುವೆ, ಇನ್ನೊಂದು ಬಳಸಿದ ನೀರನ್ನು ಮರಳಿ ಒಯ್ಯುವ ಬಸಿಗಾಲುವೆ. ‘ಹೃದಯಾಘಾತ’, ‘ಸ್ಟೆಂಟ್’, ‘ಬೈಪಾಸ್’ ಎಂಬ ಮಾತುಗಳೆಲ್ಲ ಹೃದಯದ ಸ್ನಾಯುವಿಗೆ ರಕ್ತ ಕೊಡುವ ಅಪಧಮನಿಗಳು ಕಟ್ಟಿಕೊಳ್ಳುವುದಕ್ಕೆ ಸಂಬಂಧಿಸಿದವು. ನನ್ನ ಪತ್ರದ ಆ ಸಾಲು ಬಸಿಗಾಲುವೆಯದು, ಅಂದರೆ ಅಭಿಧಮನಿಯದು. ಅಲ್ಲಿ ಏನೂ ಕಟ್ಟಿಕೊಂಡಿರಲಿಲ್ಲ.

ಇನ್ನು ‘ಬ್ಲಾಕ್’. ನನಗೆ ಪೇಸ್‌ಮೇಕರ್, ಅಂದರೆ ಎದೆಯ ಚರ್ಮದಡಿ ಇಟ್ಟ ಪೆಟ್ಟಿಗೆಯಿಂದ ಅಭಿಧಮನಿಯ ಮೂಲಕ ತಂತಿ ಇಳಿಸಿ ಹೃದಯವನ್ನು ಮಿಡಿಸುವ ಯಂತ್ರ, ಹಾಕಿದ್ದು ‘ಹಾರ್ಟ್ ಬ್ಲಾಕ್’ ಎಂಬ ಕಾರಣಕ್ಕೆ. ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ಹೋಗಬೇಕಾದ ವಿದ್ಯುತ್ ಸಂಕೇತ ನಡುವೆಯೇ ನಿಂತುಹೋಗುವುದು ಇದು. ನಾಡಿ 38ಕ್ಕೆ ಇಳಿದಿತ್ತು, ಅಂಗಳದಲ್ಲಿ ತಲೆ ಸುತ್ತಿ ಬಿದ್ದಿದ್ದೆ. ಇದು ವಿದ್ಯುತ್ತಿನ ತೊಂದರೆ. ಅಪಧಮನಿ ಕಟ್ಟಿಕೊಳ್ಳುವ ‘ಬ್ಲಾಕೇಜ್’ ಕೊಳವೆಯ ತೊಂದರೆ. ಎರಡನ್ನೂ ನಮ್ಮವರು ಒಂದೇ ಪದದಿಂದ ಕರೆಯುವುದರಿಂದ ಮನೆಮಂದಿ ಹೆದರುತ್ತಾರೆ. ನೆಂಟರಿಗೆ ಫೋನ್ ಮಾಡುವ ಮುನ್ನ ಇದನ್ನು ಮನೆಯವರಿಗೆ ಸಮಾಧಾನವಾಗಿ ತಿಳಿಸಿ.

ಆ ಐದು ಅಕ್ಷರಗಳ ಅರ್ಥ

ಪಿಎಲ್‌ಎಸ್‌ವಿಸಿ ಎಂದರೆ ‘ಪರ್ಸಿಸ್ಟೆಂಟ್ ಲೆಫ್ಟ್ ಸುಪೀರಿಯರ್ ವೀನಾ ಕೇವಾ’. ಎಡಗಡೆ ಉಳಿದುಕೊಂಡ ಮೇಲಿನ ಮಹಾ ಅಭಿಧಮನಿ ಎಂದು ಕನ್ನಡದಲ್ಲಿ ಹೇಳಬಹುದು. ಇಲ್ಲಿ ಮುಖ್ಯವಾದ ಪದ ‘ಉಳಿದುಕೊಂಡ’. ಇದು ಹೊಸದಾಗಿ ಬೆಳೆದದ್ದಲ್ಲ, ಪೇಸ್‌ಮೇಕರ್ ಹಾಕುವಾಗ ಆದ ಹಾನಿಯೂ ಅಲ್ಲ. ನಾನು ಹುಟ್ಟುವ ಮೊದಲಿನಿಂದಲೂ ಅಲ್ಲೇ ಇತ್ತು. ಕಣ್ಣಿಗೆ ಬಿದ್ದದ್ದು ಅರವತ್ಮೂರನೆಯ ವಯಸ್ಸಿನಲ್ಲಿ.

ತಾಯಿಯ ಗರ್ಭದಲ್ಲಿ ಮೊದಲ ವಾರಗಳಲ್ಲಿ ಎಲ್ಲರಿಗೂ ದೇಹದ ಮೇಲ್ಭಾಗದ ರಕ್ತವನ್ನು ಹೃದಯಕ್ಕೆ ತರುವ ಎರಡು ದೊಡ್ಡ ನಾಳಗಳಿರುತ್ತವೆ, ಎಡಕ್ಕೊಂದು, ಬಲಕ್ಕೊಂದು. ಸುಮಾರು ಎಂಟನೆಯ ವಾರದಲ್ಲಿ ಎರಡರ ನಡುವೆ ಒಂದು ಅಡ್ಡನಾಳ ಮೂಡುತ್ತದೆ. ಎಡಗೈ ಮತ್ತು ತಲೆಯ ಎಡಭಾಗದ ರಕ್ತ ಆ ಅಡ್ಡನಾಳದ ಮೂಲಕ ಬಲಕ್ಕೆ ತಿರುಗುತ್ತದೆ. ಹರಿವು ತಪ್ಪಿದ ಎಡನಾಳದ ಕೆಳಭಾಗ ಬತ್ತಿ ಒಂದು ಎಳೆಯಷ್ಟೇ ಉಳಿಯುತ್ತದೆ. ಇಂಗ್ಲೆಂಡಿನ ಶಸ್ತ್ರಚಿಕಿತ್ಸಕ ಜಾನ್ ಮಾರ್ಷಲ್ 1850ರಲ್ಲಿ ಈ ಬೆಳವಣಿಗೆಯನ್ನು ವಿವರಿಸಿದರು. ಬತ್ತಿದ ಆ ಎಳೆಗೆ ಇಂದಿಗೂ ಅವರದೇ ಹೆಸರು. ಕೆಲವರಲ್ಲಿ ಎಡನಾಳ ಬತ್ತುವುದಿಲ್ಲ. ಅದೇ ಪಿಎಲ್‌ಎಸ್‌ವಿಸಿ.

ಇದನ್ನು ಕೇಳಿದಾಗ ನನಗೆ ಲಕ್ಕವಳ್ಳಿ ನೆನಪಾಯಿತು. ಅಲ್ಲಿ ಭದ್ರಾ ಅಣೆಕಟ್ಟೆಯಿಂದ ಎರಡು ನಾಲೆಗಳು ಹೊರಡುತ್ತವೆ. ಬಲದಂಡೆಯದು ದೊಡ್ಡದು, ಎಡದಂಡೆಯದು ಅದಕ್ಕಿಂತ ಬಹಳ ಚಿಕ್ಕದು. ಹೆಚ್ಚಿನ ಜನರ ಎದೆಯಲ್ಲಿ ಬಲದಂಡೆ ನಾಲೆ ಮಾತ್ರ ಉಳಿದಿರುತ್ತದೆ. ನನ್ನಲ್ಲಿ ಎರಡೂ ಇವೆ.

ಸಾವಿರ ಜನರಲ್ಲಿ ಮೂರರಿಂದ ಐದು ಮಂದಿಗೆ ಹೀಗಿರುತ್ತದೆ. 2011ರ ಜನಗಣತಿಯಂತೆ ದಾವಣಗೆರೆ ನಗರದ ಜನಸಂಖ್ಯೆ ಸುಮಾರು 4.35 ಲಕ್ಷ. ಅದೇ ಲೆಕ್ಕ ಹಿಡಿದರೆ ಆ ಒಂದು ಊರಿನಲ್ಲೇ ಸಾವಿರದ ಮುನ್ನೂರಕ್ಕೂ ಹೆಚ್ಚು ಜನರ ಎದೆಯಲ್ಲಿ ಈ ಎಡನಾಲೆ ಹರಿಯುತ್ತಿರಬೇಕು. ಹೆಚ್ಚಿನವರಿಗೆ ಅದು ಗೊತ್ತೇ ಆಗುವುದಿಲ್ಲ, ಏಕೆಂದರೆ ಅದರಿಂದ ಯಾವ ನೋವೂ ಆಯಾಸವೂ ಇರುವುದಿಲ್ಲ. ಹುಟ್ಟಿನಿಂದಲೇ ಹೃದಯದ ದೋಷವಿರುವವರಲ್ಲಿ ಇದು ಕಾಣಿಸುವ ಪ್ರಮಾಣ ಇನ್ನಷ್ಟು ಹೆಚ್ಚು.

ಎಲ್ಲಿಗೆ ಸೇರುತ್ತದೆ ಎಂಬುದೇ ಮೊದಲ ಪ್ರಶ್ನೆ

ನಾಲೆಯ ನಕಾಶೆ ಕೈಗೆ ಬಂದಾಗ ಎಂಜಿನಿಯರ್ ಮೊದಲು ನೋಡುವುದು ಅದರ ಕೊನೆಯನ್ನು. ನೀರು ಎಲ್ಲಿಗೆ ಹೋಗಿ ಬೀಳುತ್ತದೆ ಎಂಬುದು ತಿಳಿಯದಿದ್ದರೆ ಅದರ ಅಗಲ, ಆಳ, ಉದ್ದ ಗೊತ್ತಿದ್ದೂ ಪ್ರಯೋಜನವಿಲ್ಲ. ನಿಮ್ಮ ವರದಿಯಲ್ಲೂ ಅದನ್ನೇ ಹುಡುಕಿ. ಉಳಿದದ್ದೆಲ್ಲ ಆಮೇಲೆ.

ನೂರರಲ್ಲಿ ಎಂಬತ್ತು, ತೊಂಬತ್ತು ಮಂದಿಯಲ್ಲಿ ಈ ಎಡನಾಳ ‘ಕರೋನರಿ ಸೈನಸ್’ ಎಂಬ ಜಾಗಕ್ಕೆ ಬಂದು ಸೇರುತ್ತದೆ. ವರದಿಯಲ್ಲಿ ‘ಸಿಎಸ್’ ಎಂದು ಬರೆಯುವುದು ಇದನ್ನೇ. ಹೃದಯದ ಸ್ನಾಯುವಿಗೆ ಹೋದ ರಕ್ತ ಮರಳಿ ಬರುವ ಸಣ್ಣ ನಾಳವಿದು. ಹೃದಯದ ಹಿಂಬದಿಯಲ್ಲಿ ಮಲಗಿದಂತಿದ್ದು, ಬಲ ಹೃತ್ಕರ್ಣಕ್ಕೆ, ಅಂದರೆ ಬಲಗಡೆಯ ಮೇಲಿನ ಕೋಣೆಗೆ ತೆರೆದುಕೊಳ್ಳುತ್ತದೆ. ಎಡಗೈಯ ರಕ್ತವೂ ಅದರಲ್ಲೇ ಹರಿಯತೊಡಗಿದಾಗ ಅದು ಅಗಲವಾಗುತ್ತದೆ. ಹೊಲಗಾಲುವೆಗೆ ವಿತರಣಾ ನಾಲೆಯ ನೀರು ಬಿಟ್ಟರೆ ದಂಡೆ ಅಗಲವಾಗದೆ ಇರುತ್ತದೆಯೇ? ‘ಡೈಲೇಟೆಡ್ ಸಿಎಸ್’ ಎಂದರೆ ಇಷ್ಟೇ: ಕರೋನರಿ ಸೈನಸ್ ಹಿಗ್ಗಿದೆ. ದಾರಿ ಯಾವುದೇ ಇರಲಿ, ಬಳಸಿದ ರಕ್ತ ಕೊನೆಗೆ ಸೇರಬೇಕಾದ ಬಲಕೋಣೆಗೇ ಸೇರುತ್ತಿದೆ. ಆದ್ದರಿಂದ ದೇಹಕ್ಕೆ ಇದರಿಂದ ತೊಂದರೆಯಿಲ್ಲ. ನನ್ನದು ಈ ಬಗೆಯದು. ಇದಕ್ಕೆ ಔಷಧವಿಲ್ಲ, ಬೇಕಾಗಿಯೂ ಇಲ್ಲ.

ಉಳಿದ ಸ್ವಲ್ಪ ಜನರಲ್ಲಿ ಎಡನಾಳ ನೇರವಾಗಿ ಎಡ ಹೃತ್ಕರ್ಣಕ್ಕೆ ತೆರೆದುಕೊಳ್ಳುತ್ತದೆ, ಇಲ್ಲವೇ ಕರೋನರಿ ಸೈನಸ್ ಮತ್ತು ಎಡಕೋಣೆಯ ನಡುವಣ ಗೋಡೆ ಇರುವುದಿಲ್ಲ. ಇಂಥವರ ಸಂಗತಿ ಬೇರೆ. ಶ್ವಾಸಕೋಶಕ್ಕೆ ಹೋಗಿ ಶುದ್ಧವಾಗಬೇಕಿದ್ದ ರಕ್ತ ಹಾಗೆಯೇ ಶುದ್ಧ ರಕ್ತದೊಂದಿಗೆ ಬೆರೆಯುತ್ತದೆ. ಆಮ್ಲಜನಕದ ಮಟ್ಟ ಇಳಿಯಬಹುದು, ತುಟಿ ಮತ್ತು ಉಗುರು ನೀಲಿಯಾಗಬಹುದು. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಸಾಮಾನ್ಯವಾಗಿ ಕೈಯ ರಕ್ತನಾಳದಲ್ಲಿ ಹೊರಟ ಸಣ್ಣ ಹೆಪ್ಪು ಅಥವಾ ಡ್ರಿಪ್‌ನಲ್ಲಿ ಸೇರಿದ ಗಾಳಿಯ ಗುಳ್ಳೆ ಶ್ವಾಸಕೋಶದ ಜರಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಇವರಲ್ಲಿ ಆ ಜರಡಿಯನ್ನು ತಪ್ಪಿಸಿಕೊಂಡು ನೇರ ಮೆದುಳಿಗೆ ಹೋಗಬಹುದು. ಪಾರ್ಶ್ವವಾಯುವೂ ಮೆದುಳಿನ ಕೀವುಗಟ್ಟುವಿಕೆಯೂ ಹೀಗೆ ಆಗುವುದುಂಟು. ಇಂಥವರು ಎಡಗೈಗೆ ಡ್ರಿಪ್ ಹಾಕಿಸಿಕೊಳ್ಳುವಾಗ ಪ್ರತಿ ಬಾರಿಯೂ ಮೊದಲೇ ಹೇಳಬೇಕು. ನಾಳದ ದಾರಿ ಬದಲಿಸುವ ಶಸ್ತ್ರಚಿಕಿತ್ಸೆ ಬೇಕೇ, ಅಥವಾ ಅದನ್ನು ಮುಚ್ಚಬಹುದೇ ಎಂಬುದನ್ನು ಜನ್ಮಜಾತ ಹೃದ್ರೋಗಗಳಲ್ಲಿ ಪಳಗಿದ ತಜ್ಞರ ಬಳಿ ಕೇಳಬೇಕು. ವರದಿಯಲ್ಲಿ ‘ಸಿಎಸ್’ ಬದಲು ‘ಎಲ್‌ಎ’, ಅಂದರೆ ಎಡ ಹೃತ್ಕರ್ಣ, ಎಂದಿದ್ದರೆ, ಅಥವಾ ಎಲ್ಲಿಗೆ ಸೇರುತ್ತದೆ ಎಂದು ಬರೆದೇ ಇಲ್ಲದಿದ್ದರೆ, ದಯವಿಟ್ಟು ಮುಂದಿನ ಭೇಟಿಯವರೆಗೆ ಕಾಯಬೇಡಿ. ಫೋನ್ ಮಾಡಿ ಕೇಳಿ.

ಗುಳ್ಳೆ ಪರೀಕ್ಷೆಯಲ್ಲಿ ಏನು ನೋಡಬೇಕು

ನನ್ನ ಪತ್ರದಲ್ಲಿ ‘ಸಿಎಸ್’ ಎಂದಿದ್ದರೂ ವೈದ್ಯರು ಖಚಿತಪಡಿಸಿಕೊಳ್ಳೋಣವೆಂದು ಎರಡು ತಿಂಗಳ ಬಳಿಕ ‘ಬಬಲ್ ಟೆಸ್ಟ್’ ಮಾಡಿಸಿದರು. ಇದು ಬಹಳ ಸರಳವಾದ ಪರೀಕ್ಷೆ, ನೋಡಲು ಸುಂದರವೂ ಹೌದು. ಕೈಗೆ ಒಂದು ಸೂಜಿ ಹಾಕುತ್ತಾರೆ. ಎರಡು ಸಿರಿಂಜ್‌ಗಳ ನಡುವೆ ಸುಮಾರು ಒಂಬತ್ತು ಮಿಲಿಲೀಟರ್ ಸಲೈನ್ ಮತ್ತು ಒಂದು ಮಿಲಿಲೀಟರ್ ಗಾಳಿಯನ್ನು ಆ ಕಡೆಯಿಂದ ಈ ಕಡೆಗೆ ರಭಸದಿಂದ ತಳ್ಳಿ, ಮಜ್ಜಿಗೆ ಕಡೆದಂತೆ ನೊರೆ ಎಬ್ಬಿಸುತ್ತಾರೆ. ಆ ಅತಿ ಸಣ್ಣ ಗುಳ್ಳೆಗಳನ್ನು ಒಳಗೆ ಬಿಟ್ಟು ಎಕೋ ಪರದೆಯ ಮೇಲೆ ಅವು ಯಾವ ದಾರಿ ಹಿಡಿಯುತ್ತವೆ ಎಂದು ನೋಡುತ್ತಾರೆ. ನೀರಿನ ಜಾಡು ಹುಡುಕಲು ನಾವು ಬಣ್ಣ ಬಿಟ್ಟು ನೋಡುತ್ತಿದ್ದೆವಲ್ಲ, ಅದೇ ಉಪಾಯ.

ಇದನ್ನು ಎಡಗೈಯಲ್ಲಿ ಮಾಡಬೇಕು. ಬಲಗೈಯಲ್ಲಿ ಮಾತ್ರ ಮಾಡಿದರೆ ಎಡನಾಳ ತಪ್ಪಿಹೋಗುತ್ತದೆ. ಸೂಜಿ ಹಿಡಿದವರು ಬಲಗೈ ಕೇಳಿದರೆ, ‘ಎಡಗಡೆಯ ನಾಳ ನೋಡಲಿಕ್ಕಾಗಿ ಬಂದಿದ್ದೇನೆ’ ಎಂದು ನೆನಪಿಸಿ. ಎಡಗೈಯಿಂದ ಬಿಟ್ಟ ಗುಳ್ಳೆಗಳು ಮೊದಲು ಕರೋನರಿ ಸೈನಸ್‌ನಲ್ಲಿ ಬೆಳ್ಳಗೆ ಹೊಳೆದು, ಆಮೇಲೆ ಬಲ ಹೃತ್ಕರ್ಣವನ್ನು ತುಂಬಿದರೆ ಅದು ನನ್ನಂಥ ನಾಳ. ಎಡ ಹೃತ್ಕರ್ಣವೇ ಮೊದಲು ಹೊಳೆದರೆ ಮೇಲೆ ಹೇಳಿದ ಎರಡನೆಯ ಬಗೆ. ನಂತರ ಬಲಗೈಯಿಂದಲೂ ಬಿಡಿಸಿ ನೋಡುವುದು ಒಳ್ಳೆಯದು. ಗುಳ್ಳೆಗಳು ಕರೋನರಿ ಸೈನಸ್‌ಗೆ ಹೋಗದೆ ನೇರವಾಗಿ ಬಲ ಹೃತ್ಕರ್ಣಕ್ಕೆ ಬಂದರೆ ಬಲದಂಡೆ ನಾಲೆಯೂ ಇದೆ ಎಂದರ್ಥ. ನನಗೆ ತೋರಿಸಿದ ತಂತ್ರಜ್ಞೆ ಪರದೆಯನ್ನು ನನ್ನತ್ತ ತಿರುಗಿಸಿದರು. ಪರದೆಯಲ್ಲಿ ವೃತ್ತಾಕಾರದ ಸಣ್ಣ ರಂಧ್ರದಂತೆ ಕಾಣುವ ಕರೋನರಿ ಸೈನಸ್ ಒಮ್ಮೆಲೇ ಬೆಳ್ಳಗಾದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಹೀಗೆ ಬಲದಂಡೆ ನಾಲೆ ಇದೆಯೇ ಎಂಬುದು ಎರಡನೆಯ ಪ್ರಶ್ನೆ. ಕೆಲವರಲ್ಲಿ ಬಲಗಡೆಯದು ಇರುವುದೇ ಇಲ್ಲ, ಇಡೀ ಮೇಲ್ಭಾಗದ ರಕ್ತ ಎಡದಿಂದಲೇ ಬರುತ್ತದೆ. ಮುಂದೆ ಪೇಸ್‌ಮೇಕರ್ ತಂತಿ ಬದಲಿಸಬೇಕಾದಾಗ ಬಲಗಡೆಯಿಂದ ಹೋಗಬಹುದೇ ಎಂಬುದು ಇದನ್ನೇ ಅವಲಂಬಿಸಿದೆ. ಎರಡರ ನಡುವಣ ಅಡ್ಡನಾಳ ಇದೆಯೇ, ಎಷ್ಟು ದಪ್ಪವಿದೆ ಎಂಬುದು ಮೂರನೆಯದು. ಅನೇಕರಲ್ಲಿ ಅದು ಇರುವುದಿಲ್ಲ, ಇದ್ದರೂ ಸಣ್ಣದು. ಎಕೋದಲ್ಲಿ ಇದು ಸ್ಪಷ್ಟವಾಗದಿದ್ದರೆ ಸಿಟಿ ಸ್ಕ್ಯಾನ್ ಬೇಕಾಗುತ್ತದೆ. ನನಗೆ ಬೇಕಾಗಲಿಲ್ಲ, ಏಕೆಂದರೆ ಪೇಸ್‌ಮೇಕರ್ ಹಾಕಿದ ದಿನವೇ ಎಡಗೈಗೆ ಬಣ್ಣದ ದ್ರವ ಕೊಟ್ಟು ಚಿತ್ರ ತೆಗೆದಿದ್ದರು. ಆ ಚಿತ್ರಗಳ ಸಿಡಿಯನ್ನು ಕೇಳಿ ಪಡೆದುಕೊಳ್ಳಿ. ಕೇಳದಿದ್ದರೆ ಸಾಮಾನ್ಯವಾಗಿ ಕೊಡುವುದಿಲ್ಲ.

ಹಳೆಯ ಎಕೋ ವರದಿಗಳನ್ನೂ ಹೊರತೆಗೆದು ನೋಡಿ. ರಕ್ತದೊತ್ತಡಕ್ಕೆಂದು ಎರಡು ವರ್ಷ ಹಿಂದೆ ಮಾಡಿಸಿದ್ದ ಎಕೋ ನನ್ನ ಕಡತದಲ್ಲಿತ್ತು. ಅದರ ನಡುವೆ ಎಲ್ಲೋ ‘ಡೈಲೇಟೆಡ್ ಸಿಎಸ್’ ಎಂಬ ಅದೇ ಎರಡು ಪದಗಳಿದ್ದವು. ಸುಳಿವು ಅಷ್ಟು ದಿನದಿಂದ ನಮ್ಮ ಮನೆಯ ಬೀರುವಿನಲ್ಲೇ ಇತ್ತು! ಆ ಪುಟವನ್ನು ಪೇಸ್‌ಮೇಕರ್‌ಗೆ ಮೊದಲು ವೈದ್ಯರಿಗೆ ತೋರಿಸಿದ್ದರೆ ಅವರು ಆ ದಿನ ಸಿದ್ಧರಾಗಿಯೇ ಬರುತ್ತಿದ್ದರು. ಕರೋನರಿ ಸೈನಸ್ ಹಿಗ್ಗಲು ಬಲಕೋಣೆಯಲ್ಲಿ ಒತ್ತಡ ಹೆಚ್ಚಾಗುವುದೂ ಸೇರಿ ಬೇರೆ ಕಾರಣಗಳೂ ಇರುವುದರಿಂದ, ಆ ಪದ ಕಂಡ ಮಾತ್ರಕ್ಕೆ ನೀವೇ ತೀರ್ಮಾನಿಸಬೇಡಿ. ಆದರೆ ಕೇಳಿ.

ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು

ಪೇಸ್‌ಮೇಕರ್ ಹಾಕಿದ ಮರುದಿನ ತೆಗೆದ ಎದೆಯ ಎಕ್ಸ್‌ರೇ ನಿಮ್ಮ ಬಳಿ ಇರುತ್ತದೆ. ಇದನ್ನು ನೀವೇ ನೋಡಿ ಅರ್ಥ ಮಾಡಿಕೊಳ್ಳಬಹುದು, ಕಷ್ಟವಿಲ್ಲ.

ಎಡ ಬಲ ಮೊದಲು ಸರಿಮಾಡಿಕೊಳ್ಳಿ. ನದಿ ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತಾಗ ಎಡಗೈ ಕಡೆ ಬರುವುದು ಎಡದಂಡೆ. ಇಲಾಖೆಗೆ ಹೊಸದಾಗಿ ಬಂದ ಹುಡುಗರಿಗೆ ನಾವು ಕಲಿಸುತ್ತಿದ್ದ ಮೊದಲ ಪಾಠ ಇದು. ಎಕ್ಸ್‌ರೇಯಲ್ಲಿ ರೋಗಿ ನಿಮ್ಮ ಎದುರಿಗೆ ಮುಖ ಮಾಡಿ ನಿಂತಿರುತ್ತಾನೆ. ಹಾಗಾಗಿ ಚಿತ್ರದಲ್ಲಿ ನಿಮ್ಮ ಬಲಗಡೆ ಕಾಣುವುದು ಅವನ ಎಡಗಡೆ. ಪೇಸ್‌ಮೇಕರ್‌ನ ಪೆಟ್ಟಿಗೆ ಹೆಚ್ಚಾಗಿ ಎಡ ಕೊರಳೆಲುಬಿನ ಕೆಳಗಿರುವುದರಿಂದ ಅದನ್ನೇ ಗುರುತಾಗಿ ಇಟ್ಟುಕೊಳ್ಳಿ.

ಸಾಮಾನ್ಯ ಎದೆಯಲ್ಲಿ ಪೆಟ್ಟಿಗೆಯಿಂದ ಹೊರಟ ತಂತಿ ಎದೆಮೂಳೆಯ ಹಿಂದೆ ಅಡ್ಡಲಾಗಿ ಬಲಕ್ಕೆ ದಾಟಿ, ಬೆನ್ನೆಲುಬಿನ ಬಲಪಕ್ಕದಲ್ಲಿ ಕೆಳಗಿಳಿದು ಹೃದಯ ಸೇರುತ್ತದೆ. ನನ್ನ ಚಿತ್ರದಲ್ಲಿ ಎರಡು ತಂತಿಗಳೂ ಬಲಕ್ಕೆ ದಾಟುವುದೇ ಇಲ್ಲ. ಬೆನ್ನೆಲುಬಿನ ಎಡಪಕ್ಕದಲ್ಲೇ ನೆಟ್ಟಗೆ ಇಳಿದು, ಹೃದಯದ ಹಿಂಬದಿಯಲ್ಲಿ ಒಳಕ್ಕೆ ತಿರುಗುತ್ತವೆ. ಒಂದು ತಂತಿಯ ತುದಿ ಬಲ ಹೃತ್ಕರ್ಣದಲ್ಲಿ ನಿಲ್ಲುತ್ತದೆ. ಇನ್ನೊಂದು ದೊಡ್ಡ ಬಳೆಯಂತೆ ಸುತ್ತು ಹಾಕಿ ಕೆಳಗಿನ ಕೋಣೆಗೆ ಹೋಗುತ್ತದೆ.

ಆ ಬಳೆಯನ್ನು ನೋಡಿ ನನ್ನ ಹೆಂಡತಿ ಗಾಬರಿಯಾದಳು, ತಂತಿ ಸುತ್ತಿಕೊಂಡುಬಿಟ್ಟಿದೆ ಎಂದು. ಅದು ತಪ್ಪಲ್ಲ, ವೈದ್ಯರ ಕೈಚಳಕ. ಕರೋನರಿ ಸೈನಸ್‌ನ ಬಾಯಿ ಮತ್ತು ಕೆಳಕೋಣೆಗೆ ಹೋಗುವ ಕವಾಟ ಪಕ್ಕಪಕ್ಕದಲ್ಲೇ ಇವೆ. ಆದರೆ ಸೈನಸ್‌ನಿಂದ ಹೊರಬಂದ ತಂತಿಯ ಮೂಗು ಕವಾಟಕ್ಕೆ ಬೆನ್ನು ಹಾಕಿ ಎದುರು ಗೋಡೆಯತ್ತ ಇರುತ್ತದೆ. ಹಾಗಾಗಿ ಅದನ್ನು ಆ ಗೋಡೆಗೆ ಒತ್ತಿ, ಬಾಗಿಸಿ, ಹಿಂದಕ್ಕೆ ತಿರುಗಿಸಿ ಕವಾಟ ದಾಟಿಸಬೇಕು. ತುದಿ ಜಾರದಂತೆ ಸ್ಕ್ರೂ ಇರುವ ತಂತಿಯನ್ನು ಹೆಚ್ಚಾಗಿ ಬಳಸುತ್ತಾರೆ. ಒಂದು ಗಂಟೆಯ ಕೆಲಸವೆಂದು ಹೇಳಿದ್ದು ನನಗೆ ಮೂರು ಗಂಟೆಯ ಹತ್ತಿರ ಹಿಡಿದದ್ದು ಇದಕ್ಕೇ. ಮುಖದ ಮೇಲಿನ ಹಸಿರು ಬಟ್ಟೆಯ ಆಚೆಯಿಂದ ವೈದ್ಯರು, ‘ಸರ್, ಎಡಗಡೆ ಇನ್ನೊಂದು ದೊಡ್ಡ ರಕ್ತನಾಳ ಸಿಕ್ಕಿದೆ. ಹೆದರಬೇಡಿ, ಸ್ವಲ್ಪ ಹೊತ್ತು ಹಿಡಿಯುತ್ತದೆ’ ಎಂದಿದ್ದರು. ಅಷ್ಟು ಹೊತ್ತು ತಾಳ್ಮೆಯಿಂದ ತಿರುಗಿಸಿದ ಆ ಕೈಗಳಿಗೆ ನಾನು ಋಣಿ.

ಎಲ್ಲರಿಗೂ ಎಡದಿಂದಲೇ ಆಗುತ್ತದೆ ಎಂದಿಲ್ಲ. ಕೆಲವು ವೈದ್ಯರು ಬಲಗಡೆಗೆ ಬದಲಿಸುತ್ತಾರೆ. ಬಲನಾಳವೇ ಇಲ್ಲದವರಿಗೆ ಎದೆ ತೆರೆದು ಹೃದಯದ ಹೊರಮೈಗೆ ತಂತಿ ಕೂಡಿಸುವುದುಂಟು, ಅಥವಾ ತೊಡೆಸಂದಿನ ರಕ್ತನಾಳದ ಮೂಲಕ ತಂತಿಯೇ ಇಲ್ಲದ ಪುಟ್ಟ ಪೇಸ್‌ಮೇಕರ್ ಕೂಡಿಸುವುದುಂಟು. ನಿಮಗೆ ಯಾವುದಾಯಿತು, ಏಕೆ ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಬಳೆಯಂಥ ಸುತ್ತು ಇರುವ ತಂತಿ ಸ್ಥಳ ಬಿಟ್ಟು ಸರಿಯದಂತೆ ಮೊದಲ ವಾರಗಳಲ್ಲಿ ವಿಶೇಷ ಎಚ್ಚರ ಬೇಕು. ಪೇಸ್‌ಮೇಕರ್ ತಪಾಸಣೆಯಲ್ಲಿ ‘ಥ್ರೆಶೋಲ್ಡ್’, ‘ಸೆನ್ಸಿಂಗ್’, ‘ಇಂಪಿಡೆನ್ಸ್’ ಎಂಬ ಮೂರು ಅಂಕಿಗಳನ್ನು ಮುದ್ರಿಸುತ್ತಾರೆ. ಹೃದಯವನ್ನು ಮಿಡಿಸಲು ಕನಿಷ್ಠ ಎಷ್ಟು ವೋಲ್ಟ್ ಬೇಕು, ಹೃದಯದ ಸ್ವಂತ ಮಿಡಿತ ಯಂತ್ರಕ್ಕೆ ಎಷ್ಟು ಚೆನ್ನಾಗಿ ಕೇಳಿಸುತ್ತಿದೆ, ತಂತಿಯಲ್ಲಿ ವಿದ್ಯುತ್ತಿಗೆ ಎಷ್ಟು ತಡೆ ಇದೆ ಎಂಬುದು ಇವುಗಳ ಅರ್ಥ. ಮೊದಲ ದಿನ ನನ್ನ ಕೆಳಕೋಣೆಯ ಥ್ರೆಶೋಲ್ಡ್ 0.8 ವೋಲ್ಟ್ ಇತ್ತು, ಒಂದು ವರ್ಷದ ಮೇಲೆ 0.9. ಅಂಕಿ ಒಂದೊಂದೇ ಮೆಟ್ಟಿಲಲ್ಲಿ ಅಲುಗಿದರೆ ಚಿಂತೆಯಿಲ್ಲ, ಒಮ್ಮೆಲೇ ನೆಗೆದರೆ ತಂತಿ ಸರಿದಿರಬಹುದು. ಮೊದಲ ದಿನದ ಹಾಳೆ ಕೈಯಲ್ಲಿದ್ದರಷ್ಟೇ ಈ ಹೋಲಿಕೆ ಸಾಧ್ಯ. ನಾಲೆಯ ನೀರಿನ ಮಟ್ಟವನ್ನು ನೀರಗಂಟಿ ದಿನವೂ ಬರೆದಿಡುವಂತೆ ನಾನು ಇದನ್ನೊಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ.

ಇದನ್ನು ಯಾರಿಗೆ ಹೇಳಬೇಕು

ಒಂದು ಹಳ್ಳಿಯಲ್ಲಿ, ಹೆಸರು ಬೇಡ, ಹೊಸ ತೂಬಿಗೆ ಅಗೆಯುವಾಗ ನಕಾಶೆಯಲ್ಲಿ ಇಲ್ಲದ ಹಳೆಯ ಕಾಲುವೆಯೊಂದು ಸಿಕ್ಕಿತು. ಅದು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಯಾರಿಗೂ ತಿಳಿಯದೆ ಎರಡು ದಿನ ಕೆಲಸ ನಿಂತಿತು. ಕೊನೆಗೆ ಎಂಬತ್ತು ವರ್ಷದ ಅಜ್ಜನೊಬ್ಬರು ಬಂದು ಕೋಲಿನಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದರು. ಕಾಲುವೆಯಿಂದ ಯಾವ ಹಾನಿಯೂ ಇರಲಿಲ್ಲ. ಅದು ಅಲ್ಲಿದೆ ಎಂದು ತಿಳಿಯದಿದ್ದದ್ದೇ ತೊಂದರೆ. ನನ್ನ ಎದೆಯ ಎಡನಾಲೆಯದೂ ಅದೇ ಕಥೆ.

ನಾಳೆ ಯಾವುದೋ ಕಾಯಿಲೆಗೆ ತೀವ್ರ ನಿಗಾ ಘಟಕದಲ್ಲಿ ಎಡ ಕುತ್ತಿಗೆಯ ಮೂಲಕ ದೊಡ್ಡ ನಳಿಕೆ ಹಾಕಬೇಕಾಗಿ ಬಂದರೆ, ಅಥವಾ ಡಯಾಲಿಸಿಸ್‌ಗೆ ನಳಿಕೆ ಇಟ್ಟರೆ, ಎಕ್ಸ್‌ರೇಯಲ್ಲಿ ಅದು ಬೆನ್ನೆಲುಬಿನ ಎಡಕ್ಕೆ ಇಳಿದಂತೆ ಕಾಣುತ್ತದೆ. ಮೊದಲೇ ಗೊತ್ತಿಲ್ಲದ ವೈದ್ಯರಿಗೆ, ನಳಿಕೆ ತಪ್ಪಿ ಅಪಧಮನಿಯೊಳಗೆ ಹೋಯಿತೇನೋ ಎಂಬ ಸಂಶಯ ಬರುವುದು ಸಹಜ. ಆ ಗಳಿಗೆಯಲ್ಲಿ ನಾನು ಮಾತನಾಡುವ ಸ್ಥಿತಿಯಲ್ಲಿ ಇಲ್ಲದಿರಬಹುದು.

ತೆರೆದ ಹೃದಯದ ಶಸ್ತ್ರಚಿಕಿತ್ಸೆಯಲ್ಲಂತೂ ಇದು ತಿಳಿದಿರಲೇಬೇಕು. ಹೃದಯವನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಸ್ನಾಯುವನ್ನು ಕಾಪಾಡಲು ಪೊಟ್ಯಾಸಿಯಂ ಹೆಚ್ಚಿರುವ ದ್ರವವನ್ನು ಕೊಡುತ್ತಾರೆ. ಅದನ್ನು ಕರೋನರಿ ಸೈನಸ್‌ನಿಂದ ಹಿಮ್ಮುಖವಾಗಿ ಕಳಿಸುವ ಒಂದು ಕ್ರಮವಿದೆ. ಎಡನಾಳ ಇದ್ದವರಲ್ಲಿ ಆ ದ್ರವ ಸ್ನಾಯುವಿಗೆ ಹೋಗದೆ ಮೇಲಿನ ನಾಳಕ್ಕೆ ಸೋರಿಹೋಗುತ್ತದೆ. ಹೃದಯಕ್ಕೆ ಬರುವ ರಕ್ತವನ್ನು ಹೃದಯ-ಶ್ವಾಸಕೋಶ ಯಂತ್ರಕ್ಕೆ ತಿರುಗಿಸುವಾಗಲೂ, ಬಲಗಡೆಯ ಮೇಲಿನ ನಾಳ ಮತ್ತು ದೇಹದ ಕೆಳಭಾಗದಿಂದ ಬರುವ ನಾಳವಲ್ಲದೆ ಮೂರನೆಯ ದಾರಿಯೊಂದಿದೆ ಎಂದು ಗೊತ್ತಿರಬೇಕು. ಹೃದಯದ ಲಯ ತಪ್ಪುವ ‘ಏಟ್ರಿಯಲ್ ಫಿಬ್ರಿಲೇಶನ್’ ಇದ್ದವರಲ್ಲಿ ಕೆಲವೊಮ್ಮೆ ಈ ನಾಳವೇ ತಪ್ಪು ಸಂಕೇತಗಳ ಮೂಲವಾಗಿರುತ್ತದೆ. ಆ ಸಂಕೇತಗಳ ಜಾಗವನ್ನು ಸುಟ್ಟು ತಡೆಯುವ ‘ಅಬ್ಲೇಶನ್’ ಚಿಕಿತ್ಸೆ ಮಾಡುವವರಿಗೂ ಹೇಳಿ.

ನಾನು ಮಾಡಿಸಿಕೊಂಡದ್ದು ಒಂದು ಪುಟ್ಟ ಕಾರ್ಡ್. ಒಂದು ಬದಿ ಇಂಗ್ಲಿಷ್, ಇನ್ನೊಂದು ಬದಿ ಕನ್ನಡ. ಪೇಸ್‌ಮೇಕರ್ ಕಂಪನಿ ಕೊಟ್ಟ ಗುರುತಿನ ಚೀಟಿಯ ಜೊತೆಯಲ್ಲೇ ಪರ್ಸಿನಲ್ಲಿದೆ, ಅದರ ಫೋಟೋ ಹೆಂಡತಿ ಮತ್ತು ಮಗಳ ಮೊಬೈಲ್‌ನಲ್ಲಿದೆ. ಕನ್ನಡದ ಬದಿಯಲ್ಲಿ ಹೀಗಿದೆ: ‘ನನಗೆ ಎಡಗಡೆಯ ಮೇಲಿನ ಮಹಾ ಅಭಿಧಮನಿ ಉಳಿದುಕೊಂಡಿದೆ. ಅದು ಕರೋನರಿ ಸೈನಸ್‌ಗೆ ಸೇರುತ್ತದೆ. ಬಲಗಡೆಯದೂ ಇದೆ. ಪೇಸ್‌ಮೇಕರ್‌ನ ಎರಡೂ ತಂತಿಗಳು ಎಡನಾಳದ ಮೂಲಕ ಹೋಗಿವೆ. ಕುತ್ತಿಗೆಯಲ್ಲಿ ನಳಿಕೆ ಹಾಕುವ ಮೊದಲು ಅಥವಾ ಹೃದಯದ ಶಸ್ತ್ರಚಿಕಿತ್ಸೆಗೆ ಮೊದಲು ಇದನ್ನು ಗಮನಿಸಿ.’ ನಿಮ್ಮ ಕಾರ್ಡಿನ ಮಾತುಗಳನ್ನು ನಿಮ್ಮ ವೈದ್ಯರಿಗೆ ತೋರಿಸಿ ತಿದ್ದಿಸಿಕೊಂಡೇ ಮುದ್ರಿಸಿ. ಬಲನಾಳ ಇಲ್ಲದವರ ಕಾರ್ಡಿನಲ್ಲಿ ನನ್ನ ವಾಕ್ಯ ಇದ್ದರೆ ಅಪಾಯ.

ತಜ್ಞರ ಬಳಿ ನಾನು ಕೇಳಿದ ಇನ್ನೆರಡು ಪ್ರಶ್ನೆಗಳು ನಿಮ್ಮ ಮನಸ್ಸಿನಲ್ಲೂ ಇರಬಹುದು. ಹೃದಯದ ಗೋಡೆಯಲ್ಲಿ ರಂಧ್ರ ಅಥವಾ ಬೇರೆ ಜನ್ಮಜಾತ ವ್ಯತ್ಯಾಸ ಇದೆಯೇ? ಎಕೋ ನೋಡಿ, ಇಲ್ಲ ಎಂದರು. ಮಗಳಿಗೂ ಪರೀಕ್ಷೆ ಮಾಡಿಸಬೇಕೇ? ಅವಳಿಗೆ ಯಾವ ತೊಂದರೆಯೂ ಇಲ್ಲದಿರುವಾಗ ಇದೊಂದಕ್ಕಾಗಿ ಬೇಡ ಎಂದರು. ಎರಡನೆಯ ಉತ್ತರ ಕೇಳಿದ ದಿನ ನನ್ನ ಹೆಂಡತಿ ಬಹಳ ದಿನಗಳ ನಂತರ ನೆಮ್ಮದಿಯಿಂದ ಮಲಗಿದಳು.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು ಎಲ್ಲ ಪೇಸ್‌ಮೇಕರ್ ರೋಗಿಗಳಿಗೂ ಒಂದೇ: ಪೆಟ್ಟಿಗೆಯ ಜಾಗ ಕೆಂಪಾಗಿ ಊದಿ ಜ್ವರ ಬರುವುದು, ಪೆಟ್ಟಿಗೆ ಇರುವ ಕಡೆಯ ಕೈ ಊದಿಕೊಳ್ಳುವುದು, ಮತ್ತೆ ತಲೆ ಸುತ್ತಿ ಬೀಳುವುದು. ಮುಖ ಒಂದು ಕಡೆ ವಾಲಿದರೆ, ಮಾತು ತೊದಲಿದರೆ, ಒಂದು ಕೈ ಬಲ ಕಳೆದುಕೊಂಡರೆ 108ಕ್ಕೆ ಕರೆ ಮಾಡಿ.

ಈಚೆಗೆ ಹರ್ನಿಯಾ ಶಸ್ತ್ರಚಿಕಿತ್ಸೆಗೆ ದಾಖಲಾಗಿದ್ದೆ. ಹಿಂದಿನ ಸಂಜೆ ಅರಿವಳಿಕೆ ತಜ್ಞೆ ಬಂದು ವಿಚಾರಿಸಿದಾಗ ಪರ್ಸಿನಿಂದ ಕಾರ್ಡ್ ತೆಗೆದು ಕೊಟ್ಟೆ. ವಯಸ್ಸಿನಲ್ಲಿ ನನ್ನ ಮಗಳಷ್ಟೇ ಇದ್ದರು. ಇಂಗ್ಲಿಷ್ ಬದಿಯನ್ನು ಓದಿದರು, ತಿರುಗಿಸಿ ಕನ್ನಡದ ಬದಿಯನ್ನೂ ಓದಿದರು. ‘ಕರೋನರಿ ಸೈನಸ್‌ಗೇ ಸೇರುತ್ತದೆ ತಾನೇ? ಎಕೋದಲ್ಲಿ ನೋಡಿದ್ದಾರಾ?’ ಎಂದು ಕೇಳಿದರು. ಎಡಗೈಯಿಂದ ಗುಳ್ಳೆ ಬಿಟ್ಟು ನೋಡಿದ ವರದಿಯ ಪುಟವನ್ನು ತೆಗೆದು ಕೈಗಿತ್ತೆ. ಅವರು ಅದನ್ನೂ ಕಾರ್ಡನ್ನೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು, ಪುಟದ ಪ್ರತಿಯೊಂದನ್ನು ನನ್ನ ಕಡತದ ಮೊದಲ ಹಾಳೆಯಾಗಿ ಲಗತ್ತಿಸಿದರು.